ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿಗೆ 9,000 ರೂಪಾಯಿ. ಇದು ಸ್ತೋತ್ರನಾ, ಜಂಬನಾ?

ಲಷ್ಕರ್_ಮೊಹಲ್ಲಾ · ಭಾನುವಾರ ರಾತ್ರಿ 9:10

ಇವತ್ತು ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಮೈಸೂರು ಕಡೆಯವರಿಗೆ ಗೊತ್ತಿರುತ್ತೆ. ಬಾಗಿಲಿಗೆ ಕಬ್ಬಿನ ಜಲ್ಲೆ, ಬಾಳೆಕಂಬ. ಮುಂದೆ ರಾಗಿ ತೆನೆ, ತೆಂಗಿನಕಾಯಿ, ಕೋಳಿ, ಯಾರೋ ಮಾಡಿ ತಂದ ಕೇಕು. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಗೆ ಒಬ್ಬ ಬಿಲ್ಡರ್‌ಗೂ ದುಬೈನಿಂದ ಬಂದವರೊಬ್ಬರಿಗೂ ಜಿದ್ದು ಬಿದ್ದು 9,000 ರೂಪಾಯಿಗೆ ಹೋಯಿತು. ಚಪ್ಪಾಳೆಯೋ ಚಪ್ಪಾಳೆ.

ಅದಕ್ಕೆ ಮುಂಚೆ ನಮ್ಮ ಅಯ್ಯನವರ (ಪಾದ್ರಿಯವರ) ಪ್ರಸಂಗ, ಅಂದರೆ ಉಪದೇಶ. ಗೋಡೆ ಮೇಲೆ ಪ್ರೊಜೆಕ್ಟರ್ ಹಾಕಿ ಆಫ್ರಿಕಾದ ಮಕ್ಕಳ ಫೋಟೋ ತೋರಿಸಿದರು. ಊದಿದ ಹೊಟ್ಟೆ, ಕಣ್ಣಿನ ಹತ್ತಿರ ನೊಣ. "ಜಗತ್ತಿನ ಅರ್ಧ ಜನ ಹಸಿದು ಮಲಗುತ್ತಾರೆ, ದೇವರು ನಮ್ಮನ್ನು ಹಾಗೆ ಇಟ್ಟಿಲ್ಲ, ಅದಕ್ಕೆ ಸ್ತೋತ್ರ ಹೇಳಿ" ಎಂದರು. ಎಲ್ಲರೂ ಸ್ತೋತ್ರ ಎಂದೆವು (ನಮ್ಮಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳೋದು ಹೀಗೆ). ನಾನೂ ಜೋರಾಗಿಯೇ ಅಂದೆ. ಅಂದ ಮೇಲೆ ಏನೋ ಕಸಿವಿಸಿ.

ಹಿಂದಿನ ಸಾಲಿನಲ್ಲಿ ನಮ್ಮ ಚರ್ಚ್ ಗುಡಿಸುವ ಅಕ್ಕ ಕೂತಿದ್ದರು. ಅವರು ತಂದಿದ್ದು ಒಂದು ಕಟ್ಟು ದಂಟಿನ ಸೊಪ್ಪು. ಹರಾಜಿನಲ್ಲಿ ಯಾರೂ ಕೂಗಲಿಲ್ಲ. ಕೊನೆಗೆ ಕೂಗುತ್ತಿದ್ದವರೇ 30 ರೂಪಾಯಿಗೆ ತಗೊಂಡರು. ಅಕ್ಕನಿಗೆ ಆ ಪ್ರಸಂಗ ಹೇಗೆ ಕೇಳಿಸಿರಬಹುದು ಅಂತ ಮನೆಗೆ ಬಂದರೂ ಅದೇ ಯೋಚನೆ.

ಎರಡು ಪ್ರಶ್ನೆ. "ನಾನು ಅವರ ಹಾಗೆ ಬಡವಳಲ್ಲ, ಅದಕ್ಕೆ ಥ್ಯಾಂಕ್ಸ್" ಅನ್ನೋದು ಕೃತಜ್ಞತೆ ಆಗುತ್ತಾ? ಇನ್ನೊಂದು, ಬೋನಸ್‌ನಲ್ಲಿ 5,000 ರೂಪಾಯಿ ಸ್ತೋತ್ರ ಕಾಣಿಕೆ ಅಂತ ತೆಗೆದಿಟ್ಟಿದ್ದೇನೆ. ಕಾಣಿಕೆ ಚೀಲಕ್ಕೆ ಹಾಕೋಕೆ ಮನಸ್ಸಿಲ್ಲ. ಎಲ್ಲಿಗೆ ಕೊಡಲಿ? ಬರೀ ಬೈಬಲ್ ವಚನ ಹಾಕಿ ಹೋಗಬೇಡಿ, ಪ್ಲೀಸ್.

ಪಾಂಡವಪುರದ_ಗೌಡ · 9:18

ನಾನು ನಿಮ್ಮವನಲ್ಲ, ಆದರೂ ಕೇಳ್ತೀನಿ. ಒಂಬತ್ತು ಸಾವಿರದ ಕುಂಬಳಕಾಯಿ ಯಾವ ತಳಿ ಕಣ್ರೀ? ನಾನೂ ಹಾಕ್ತೀನಿ.

ಬನ್ನಿಮಂಟಪ_ಬಾಬು · 9:21

ಅದು ಬೆಲೆ ಅಲ್ಲ ಗೌಡ್ರೇ, ಕಾಣಿಕೆ. ಸುಮ್ನೆ ಕೈಯಲ್ಲಿ ಕೊಡಿ ಅಂದರೆ 500 ಕೊಡುವವನು ಹರಾಜಿನಲ್ಲಿ 9,000 ಕೊಡ್ತಾನೆ. ಅದರಲ್ಲೇ ನಮ್ಮ ಹಾಸ್ಟೆಲ್ ಮಕ್ಕಳ ಫೀಸ್ ನಡೆಯುತ್ತೆ. ಬೈಯೋಕೆ ಮುಂಚೆ ದುಡ್ಡು ಎಲ್ಲಿಗೆ ಹೋಗುತ್ತೆ ನೋಡಿ.

ನಿವೃತ್ತ_ಮೇಷ್ಟ್ರು · 9:40

ಮಗಳೇ, ವಚನ ಬೇಡ ಅಂದೆ, ಆದರೆ ನಿನ್ನ ಮೊದಲನೇ ಪ್ರಶ್ನೆ ಇರುವುದೇ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ. ದೇವಾಲಯಕ್ಕೆ ಇಬ್ಬರು ಹೋಗುತ್ತಾರೆ. ಒಬ್ಬ ಫರಿಸಾಯ, ಅಂದರೆ ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವವನು. ಇನ್ನೊಬ್ಬ ಜನ ಪಾಪಿ ಅಂತ ದೂರ ಇಡುವ ಸುಂಕದವನು. ಫರಿಸಾಯ ನಿಂತು ಪ್ರಾರ್ಥನೆ ಮಾಡುತ್ತಾನೆ. ಅವನು ಏನನ್ನೂ ಬೇಡುವುದಿಲ್ಲ, ಸ್ತೋತ್ರವನ್ನೇ ಹೇಳುತ್ತಾನೆ! ನಾನು ಬೇರೆಯವರ ಹಾಗಲ್ಲ, ಈ ಸುಂಕದವನ ಹಾಗಲ್ಲ, ದಶಮಾಂಶ ಬೇರೆ ಕೊಡುತ್ತೇನೆ ಅಂತ. ಪಕ್ಕದವನನ್ನು ತೋರಿಸಿ ಸ್ತೋತ್ರ ಹೇಳುವುದು ಹೊಸದೇನಲ್ಲ. ಆ ಕಥೆಯಲ್ಲಿ ನೀತಿವಂತನಾಗಿ ಮನೆಗೆ ಹೋಗುವವನು ಸುಂಕದವನು. 36 ವರ್ಷ ಸಂಡೇ ಸ್ಕೂಲ್‌ನಲ್ಲಿ ಈ ಪಾಠ ಮಾಡಿದ್ದೇನೆ. ಇವತ್ತು ನಿಮ್ಮ ಜೊತೆ ಕೂತಿದ್ದರೆ ನಾನೂ ಸ್ತೋತ್ರ ಅಂದಿರುತ್ತಿದ್ದೆ, ಅದು ಬೇರೆ ಮಾತು.

ಲೆಕ್ಕದ_ಮನುಷ್ಯ · 9:52

"ಅರ್ಧ ಜನ ಹಸಿದು ಮಲಗುತ್ತಾರೆ" ತಪ್ಪು. ವಿಶ್ವಸಂಸ್ಥೆಯ ವರದಿ ಪ್ರಕಾರ 2024ರಲ್ಲಿ ಹಸಿವಿನಿಂದ ಬಳಲಿದವರು ಸುಮಾರು 67 ಕೋಟಿ, ಅಂದರೆ ನೂರಕ್ಕೆ ಎಂಟು ಜನ. ಕಡು ಬಡತನದ ಗೆರೆಯನ್ನು ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ದಿನಕ್ಕೆ 3 ಡಾಲರ್‌ಗೆ ಏರಿಸಿತು, ಮುಂಚೆ 2.15 ಇತ್ತು. ಆ ಗೆರೆಯ ಕೆಳಗೆ ಇರುವವರು ಸುಮಾರು 80 ಕೋಟಿ, ಹತ್ತರಲ್ಲಿ ಒಬ್ಬರು. 1990ರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಇದ್ದರು. ಇದೇ 3 ಡಾಲರ್ ಲೆಕ್ಕದಲ್ಲಿ ಭಾರತದಲ್ಲಿ 2011-12ರಲ್ಲಿ 27.1% ಇದ್ದದ್ದು 2022-23ಕ್ಕೆ 5.3% ಆಯಿತು. ಮೂವತ್ತು ವರ್ಷ ಹಳೆಯ ಫೋಟೋ ತೋರಿಸಿ ಅಳಿಸುವುದನ್ನು ನಿಲ್ಲಿಸಲಿ.

ಪಾಂಡವಪುರದ_ಗೌಡ · 9:57

3 ಡಾಲರ್ ಅಂದ್ರೆ ಇನ್ನೂರೈವತ್ತರ ಮೇಲೆ. ದಿನಕ್ಕೆ ತಲೆಗೆ ಇನ್ನೂರೈವತ್ತು ಖರ್ಚು ಮಾಡೋ ಮನೆ ನಮ್ಮೂರಲ್ಲಿ ಎಷ್ಟಿವೆ? ನಾವೆಲ್ಲ ಕಡು ಬಡವರೇ ಆದ್ವಲ್ಲ.

ಲೆಕ್ಕದ_ಮನುಷ್ಯ · 10:03

ಅಲ್ಲ ಸಾರ್. ಬ್ಯಾಂಕಿನ ವಿನಿಮಯ ದರ ಹಾಕಬಾರದು. ಅಮೆರಿಕದಲ್ಲಿ 3 ಡಾಲರ್‌ಗೆ ಏನು ಬರುತ್ತೋ ಅಷ್ಟು ಸಾಮಾನಿಗೆ ಇಲ್ಲಿ ಎಷ್ಟು ರೂಪಾಯಿ ಬೇಕು ಅನ್ನೋ ಲೆಕ್ಕ ಅದು. ಇನ್ನೂರೈವತ್ತಕ್ಕಿಂತ ತುಂಬಾ ಕಡಿಮೆ ಬರುತ್ತೆ. ಅಕ್ಕಿ, ಬೇಳೆ, ಎಣ್ಣೆ, ಬಾಡಿಗೆ, ಮಾತ್ರೆ, ಬಸ್ಸು ಎಲ್ಲ ಅದರೊಳಗೇ. ಈಗ ಅಂಥವರು ಜಾಸ್ತಿ ಇರುವುದು ಸಹಾರಾ ಕೆಳಗಿನ ಆಫ್ರಿಕಾದಲ್ಲಿ. ಅಷ್ಟರ ಮಟ್ಟಿಗೆ ನಿಮ್ಮ ಅಯ್ಯನವರು ಹೇಳಿದ್ದು ಸರಿ.

ಪಾಂಡವಪುರದ_ಗೌಡ · 10:05

ಸರಿ ಬುಡಿ. ಕುಂಬಳಕಾಯಿ ಏನಾಯ್ತು ಅದನ್ನ ಯಾರೂ ಹೇಳ್ತಿಲ್ಲ.

ನೈಟ್‌ಡ್ಯೂಟಿ_ನರ್ಸ್ · 11:48

ಡ್ಯೂಟಿ ಬ್ರೇಕ್‌ನಲ್ಲಿ ಬರೀತಿದ್ದೇನೆ, ಅಕ್ಷರ ತಪ್ಪಿದ್ದರೆ ಕ್ಷಮಿಸಿ. ನಾನು ಆಫ್ರಿಕಾದ ಮಲಾವಿಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಆರು ವರ್ಷ ಇದ್ದೆ. ಅಲ್ಲಿನವರ ಊಟ ಏನು ಗೊತ್ತಾ? ಮುದ್ದೆ! ಮುಸುಕಿನ ಜೋಳದ ಹಿಟ್ಟಿನದು, ನ್ಸಿಮಾ ಅಂತಾರೆ. ಬೆಳ್ಳಗಿರುತ್ತೆ, ಅದೊಂದೇ ವ್ಯತ್ಯಾಸ. ಮೊದಲ ದಿನ ತಟ್ಟೆ ನೋಡಿ ಮಂಡ್ಯದ ನಮ್ಮಮ್ಮನ ನೆನಪಾಗಿ ಅಳು ಬಂತು. ಜೊತೆಗೆ ಬಂದ ಸೊಪ್ಪು ಕೂಡ ನಮ್ಮ ಬಸ್ಸಾರಿನ ಸೊಪ್ಪಿನ ಹಾಗೇ ಇತ್ತು.

ಕೊಯ್ಲು ಏಪ್ರಿಲ್‌ಗೆ. ಜನವರಿ, ಫೆಬ್ರವರಿ ಬಂದರೆ ಕಣಜ ಖಾಲಿ. ಎಷ್ಟೋ ಮನೆಯಲ್ಲಿ ದಿನಕ್ಕೆ ಒಂದೇ ಊಟ. ಅಂಥ ತಿಂಗಳಲ್ಲಿ ನನಗೆ ಮಲೇರಿಯಾ ಬಂತು. ಪಕ್ಕದ ಮನೆಯ ಹೆಂಗಸು ಆರು ಮೊಟ್ಟೆ ತಂದಳು. ನಾನು ಬೇಡ, ನಿನ್ನ ಮಕ್ಕಳಿಗೆ ಕೊಡು ಎಂದೆ. ಒಳ್ಳೇದೇ ಮಾಡಿದೆ ಅಂದುಕೊಂಡಿದ್ದೆ. ಅವಳು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ವಾರ್ಡ್ ಆಯಾ ಬಿಡಿಸಿ ಹೇಳಿದಳು: ನೀನು ನಮಗೆ ಇಂಜೆಕ್ಷನ್ ಕೊಡಬಹುದು, ನಾವು ನಿನಗೆ ಮೊಟ್ಟೆ ಕೊಡಬಾರದಾ?

ಭಾನುವಾರ ಕಾಣಿಕೆ ಹೊತ್ತಿಗೆ ಅಲ್ಲಿ ಕುಣಿದುಕೊಂಡು ಮುಂದೆ ಬರ್ತಾರೆ. ಜೋಳ, ಕೋಳಿ, ಒಂದೆರಡು ನೋಟು. ಮುಖ ನೋಡಬೇಕು ಆಗ. ಅಂದಹಾಗೆ ಅಲ್ಲಿ ಜನ ಜಾಸ್ತಿ ಕ್ರೈಸ್ತರೇ. ನಿಮ್ಮ ಪ್ರೊಜೆಕ್ಟರ್‌ನಲ್ಲಿದ್ದ ಮಕ್ಕಳ ಮನೆಯವರೂ ಅವತ್ತು ಯಾವುದೋ ಚರ್ಚಿನಲ್ಲಿ ಸ್ತೋತ್ರ ಹೇಳುತ್ತಿದ್ದಿರಬಹುದು. ಯಾರನ್ನು ತೋರಿಸಿ ಹೇಳ್ತಾರೆ ಅವರು?

ಲಷ್ಕರ್_ಮೊಹಲ್ಲಾ · 11:55

ಕೊನೆಯ ಸಾಲು ಓದಿ ಮೊಬೈಲ್ ಕೆಳಗಿಟ್ಟೆ.

ನಿವೃತ್ತ_ಮೇಷ್ಟ್ರು · ಸೋಮವಾರ ಬೆಳಿಗ್ಗೆ 5:50

ಸಿಸ್ಟರ್ ಬರೆದದ್ದು ಓದಿ ಮಕೆದೋನ್ಯದವರು ನೆನಪಾದರು. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಚರ್ಚಿಗೆ ಬರೆದ ಎರಡನೇ ಪತ್ರ, 8ನೇ ಅಧ್ಯಾಯ ಓದಿ. ಜೆರುಸಲೇಮಿನ ಬಡವರಿಗೆ ಪೌಲ ಹಣ ಕೂಡಿಸುತ್ತಿದ್ದಾನೆ. ಮಕೆದೋನ್ಯದ ಚರ್ಚುಗಳವರು ತಾವೇ ಕಡು ಬಡವರು, ಆದರೂ ನಮಗೂ ಕೊಡೋಕೆ ಅವಕಾಶ ಕೊಡಿ ಅಂತ ದುಂಬಾಲು ಬೀಳುತ್ತಾರೆ. ಅನುಕೂಲಸ್ಥರಾದ ಕೊರಿಂಥದವರು ಒಂದು ವರ್ಷದಿಂದ ಕೊಡ್ತೀವಿ ಕೊಡ್ತೀವಿ ಅಂತಲೇ ಇದ್ದಾರೆ. ಅವರಿಗೆ ನಾಚಿಕೆ ಆಗಲಿ ಅಂತ ಪೌಲ ಇದನ್ನು ಬರೆದದ್ದು. ಜಾಣ ಮನುಷ್ಯ.

ಪಾಂಡವಪುರದ_ಗೌಡ · 7:15

ಈಗ ಸೀರಿಯಸ್ಸಾಗಿ ಹೇಳ್ತೀನಿ. ನಮ್ಮಲ್ಲಿ ಇದಕ್ಕೆ ಋಣ ಅಂತಾರೆ. ಥ್ಯಾಂಕ್ಸು, ಧನ್ಯವಾದ ಎಲ್ಲ ಭಾಷಣದ ಮಾತು. ನಮ್ಮ ಅಜ್ಜಿ ಊಟ ಹಾಕಿದವರಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನೋಳು, ಅಷ್ಟೇ. ನಾನು ಹುಟ್ಟಿದ್ದು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ. ನಮ್ಮವ್ವನಿಗೆ ಕಷ್ಟದ ಹೆರಿಗೆ. ಈಗಲೂ ಆ ದಾರಿಯಲ್ಲಿ ಹೋದರೆ ಕೈ ಮುಗಿತಾಳೆ.

ಹಿಂದೆ ಕಣದಲ್ಲಿ ರಾಶಿ ಮಾಡಿದ ಮೇಲೆ ಮೊದಲು ಅಗಸ, ಕ್ಷೌರಿಕ, ಕಮ್ಮಾರ, ಬೇಡಿ ಬಂದವರು ಎಲ್ಲರಿಗೂ ಮೊರದಲ್ಲಿ ಅಳೆದು ಕೊಟ್ಟೇ ಮನೆಗೆ ತುಂಬುತ್ತಿದ್ದದ್ದು. ಹರಾಜು ಇಲ್ಲ, ಮೈಕಿಲ್ಲ. ಕೊಡೋದನ್ನ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೆಎಂದೊಡ್ಡಿ_ಹುಡುಗ · 7:44

ಗೌಡ್ರೇ, ಆ ಕಣದ ಆಚೆ ಸೆರಗೊಡ್ಡಿ ನಿಂತವರು ನಮ್ಮಜ್ಜಿ. ಮೊರದಲ್ಲಿ ನೀವು ಕೊಟ್ಟದ್ದು ದಾನ ಅಲ್ಲ, ವರ್ಷವಿಡೀ ದುಡಿದ ಕೂಲಿ. ಕೂಲಿಯನ್ನು ದಾನ ಅಂತ ಕೊಟ್ಟು, ಮೇಲೆ "ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂತ ನಮ್ಮಿಂದಲೇ ಹೇಳಿಸಿಕೊಂಡಿರಿ. ಕೃತಜ್ಞತೆ ಯಾವಾಗಲೂ ಬಡವರ ಬಾಯಿಂದಲೇ ಯಾಕೆ ಬರಬೇಕು?

ನಮ್ಮ ಚರ್ಚುಗಳೂ ಕಡಿಮೆ ಇಲ್ಲ. ಹಾಸ್ಟೆಲ್‌ನಲ್ಲಿ ಇದ್ದಾಗ ವಿದೇಶದ ದಾನಿಗಳಿಗೆ ಪ್ರತಿ ಕ್ರಿಸ್ಮಸ್‌ಗೆ ಪತ್ರ ಬರೆಸುತ್ತಿದ್ದರು. "ನಾನು ಬಡ ಹುಡುಗ, ನಿಮ್ಮ ಸಹಾಯಕ್ಕೆ ಸ್ತೋತ್ರ." ಬೋರ್ಡಿನ ಮೇಲೆ ಬರೆದಿರುತ್ತಿತ್ತು, ನಾವು ನಕಲು ಮಾಡುವುದು. ಹನ್ನೊಂದು ವರ್ಷದ ಹುಡುಗ ತನ್ನನ್ನು ತಾನೇ ಬಡ ಹುಡುಗ ಅಂತ ಬರೀಬೇಕು. ಆ ದುಡ್ಡಿನಲ್ಲೇ ಓದಿದೆ, ಇಲ್ಲ ಅನ್ನಲ್ಲ. ಪತ್ರ ಮರೆತಿಲ್ಲ.

ಪಾಂಡವಪುರದ_ಗೌಡ · 8:20

ನನಗೆ ಆ ಕಡೆಯಿಂದ ಕಂಡಿರಲಿಲ್ಲ ತಮ್ಮ. ಜಗಳ ಮಾಡಲ್ಲ.

ಬನ್ನಿಮಂಟಪ_ಬಾಬು · 9:05

ದಾನ ಅಂದಾಗ 2018ರ ಕೊಡಗಿನ ಪ್ರವಾಹ ನೆನಪಾಗುತ್ತೆ. ಮೈಸೂರಿನಿಂದ ಲಾರಿಗಟ್ಟಲೆ ಸಾಮಾನು ಹೋಯಿತಲ್ಲ, ನಾನು ಬಟ್ಟೆ ವಿಂಗಡಿಸೋ ಕಡೆ ಇದ್ದೆ. ಹರಿದ ಬನಿಯನ್, ಒಂಟಿ ಶೂ, ಯಾರದೋ ಮದುವೆ ಶೇರ್ವಾನಿ! ಗುಡ್ಡ ಕುಸಿದು ಮನೆ ಕಳೆದುಕೊಂಡವನಿಗೆ ಶೇರ್ವಾನಿ. ಅವರು ಕೇಳುತ್ತಿದ್ದದ್ದು ಒಳಉಡುಪು, ಬೆಡ್‌ಶೀಟ್, ಪ್ಯಾಡ್.

ದೇಶ ದೇಶದ ಮಧ್ಯೆಯೂ ಇದೇ ಕಥೆ. ರುವಾಂಡಾ ಹಳೇ ಬಟ್ಟೆ ಬೇಡ, ನಮ್ಮ ದರ್ಜಿಗಳು ಬದುಕಲಿ ಅಂತ 2016ರಲ್ಲಿ ಆಮದು ಸುಂಕ ಏರಿಸಿತು. ಅಮೆರಿಕ ಸಿಟ್ಟಾಗಿ 2018ರಲ್ಲಿ ರುವಾಂಡಾದ ಬಟ್ಟೆಗೆ ಕೊಡುತ್ತಿದ್ದ ತೆರಿಗೆ ವಿನಾಯ್ತಿ ನಿಲ್ಲಿಸಿತು. ನಾವು ಬಿಟ್ಟ ಬಟ್ಟೆ ಹಾಕಿಕೊಳ್ಳಲ್ಲ ಅಂದರೆ ಶಿಕ್ಷೆ!

ಸುಮ್ನೆ_ಓದುವವ · 9:11

ಎಲ್ಲ ಸರಿ, ಬಡತನ ತೋರಿಸಿ ಮತಾಂತರ ಮಾಡಿದ್ದನ್ನು ಯಾರೂ ಮಾತಾಡಲ್ಲ ಇಲ್ಲಿ. ಹೊಟ್ಟೆಗೆ ಹಾಕಿ ಜಾತಿ ಕೆಡಿಸಿದ್ದು.

ನಿವೃತ್ತ_ಮೇಷ್ಟ್ರು · 10:30

ಮಾತಾಡೋಣ. ಮುಚ್ಚಿಡುವಂಥದ್ದೇನಿಲ್ಲ. 1876ರಿಂದ 78ರವರೆಗೆ ಬಿದ್ದ ಬರ ಗೊತ್ತಲ್ಲ, ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರು. ಮೈಸೂರು ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಸತ್ತರು. ರಸ್ತೆ ಬದಿಯಲ್ಲಿ ಬಿದ್ದಿದ್ದ ಮಕ್ಕಳನ್ನು ಮಿಷನ್‌ನವರು ಎತ್ತಿಕೊಂಡು ಹೋಗಿ ಅನಾಥಾಲಯ ಮಾಡಿದರು. ನಮ್ಮ ಮುತ್ತಜ್ಜಿಯ ತಾಯಿ ಹಾಗೆ ಸಿಕ್ಕ ಮಗು. ಚರ್ಚಿನ ಹಳೇ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪುಸ್ತಕದಲ್ಲಿ ಅವಳ ತಂದೆ ತಾಯಿ ಕಾಲಂನಲ್ಲಿ ಒಂದು ಗೆರೆ ಎಳೆದಿದೆ, ಅಷ್ಟೇ. ಅನ್ನಕ್ಕೆ ಕ್ರೈಸ್ತಳಾದಳು ಅಂತೀಯಾ? ಆಗಲಿ. ಅನ್ನ ಸಿಕ್ಕದಿದ್ದರೆ ನಾನಿಲ್ಲ. ಮಗುವಿಗೆ ಅನ್ನ ಹಾಕಿ ಜೊತೆಗೆ ಹೊಸ ಹೆಸರೂ ಇಟ್ಟರು, ಅದನ್ನು ಯಾರೂ ಆ ಮಗುವನ್ನು ಕೇಳಿ ಮಾಡಲಿಲ್ಲ, ಅದೂ ನಿಜ. ಎರಡನ್ನೂ ಇಟ್ಟುಕೊಂಡೇ ನಾನು ಸ್ತೋತ್ರ ಹೇಳುವುದು.

ಗಂಜಾಂ_ನಿವಾಸಿ · 10:52

ನಮ್ಮ ಶ್ರೀರಂಗಪಟ್ಟಣದ ಕಡೆ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. ಅದೇ ವರ್ಷ ಅಚ್ಚಾದ ಪುಸ್ತಕದಲ್ಲಿ ಈ ದೇಶದಲ್ಲಿ ಮತಾಂತರದ ಕೆಲಸಕ್ಕೆ ಭವಿಷ್ಯವಿಲ್ಲ ಅಂತ ತಾವೇ ಬರೆದರು. ಲಸಿಕೆ ಮಾತ್ರ ಕೆಲಸ ಮಾಡಿತು.

ಕೆಎಂದೊಡ್ಡಿ_ಹುಡುಗ · 11:10

ಮೇಷ್ಟ್ರೇ, ಆ ಬರದ ಇನ್ನೊಂದು ಮುಖವನ್ನೂ ಹೇಳಿ. 1877ರಲ್ಲಿ ಲಂಡನ್ ಮೇಯರ್ ಮ್ಯಾನ್ಷನ್ ಹೌಸ್ ನಿಧಿ ಅಂತ ತೆರೆದು ಲಕ್ಷಗಟ್ಟಲೆ ಪೌಂಡ್ ಕೂಡಿಸಿ ಇಲ್ಲಿಗೆ ಕಳಿಸಿದರು. ಚರ್ಚುಗಳಲ್ಲೂ ಕಾಣಿಕೆ ಎತ್ತಿದರು. ಅದೇ ಹೊತ್ತಿನಲ್ಲಿ ವೈಸ್‌ರಾಯ್ ಲಿಟ್ಟನ್ ಸರ್ಕಾರ ಧಾನ್ಯದ ರಫ್ತು ನಿಲ್ಲಿಸಲಿಲ್ಲ. ಬರ ಕಾಮಗಾರಿಯಲ್ಲಿ ಮಣ್ಣು ಹೊತ್ತವನಿಗೆ ದಿನಕ್ಕೆ ಒಂದು ಪೌಂಡ್ ತೂಕದ, ಅಂದರೆ ಅರ್ಧ ಕೆಜಿಗೂ ಕಡಿಮೆ ಧಾನ್ಯದ ಲೆಕ್ಕ ಇಟ್ಟರು. ಕಾಳು ಕೊಟ್ಟದ್ದು ಗಂಟೆ ಹೊಡೆದು, ಮೂಟೆ ಒಯ್ದದ್ದು ಸದ್ದಿಲ್ಲದೆ.

ಅದಕ್ಕೇ ನನಗೆ ದಾನಕ್ಕಿಂತ ಸಾಲ ಮನ್ನಾ ಇಷ್ಟ. ಬೈಬಲಿನ ಯಾಜಕಕಾಂಡ 25ರಲ್ಲಿ ಐವತ್ತನೇ ವರ್ಷ ಜಮೀನು ವಾಪಸ್, ಜೀತದವರಿಗೆ ಬಿಡುಗಡೆ ಅಂತಿದೆ. ಅದನ್ನು ಹಿಡಿದುಕೊಂಡೇ, ಬಡ ದೇಶಗಳ ಸಾಲ ಮನ್ನಾ ಮಾಡಿ ಅಂತ ಜೂಬಿಲಿ 2000 ಅನ್ನೋ ಚಳವಳಿ ನಡೆಯಿತು. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸೇರಿದಾಗ ಸುಮಾರು 70 ಸಾವಿರ ಜನ ಕೈ ಕೈ ಹಿಡಿದು ಸರಪಳಿ ಮಾಡಿದರು. ಚರ್ಚಿನ ಅಜ್ಜಿಯರೇ ಎಷ್ಟೋ ಜನ. ಆಮೇಲೆ ಎಷ್ಟೋ ಬಡ ದೇಶಗಳ ಸಾಲ ರದ್ದಾಯಿತು. ಅದು ಸ್ತೋತ್ರ ಕಾಣಿಕೆ ಅಂದ್ರೆ.

ಬನ್ನಿಮಂಟಪ_ಬಾಬು · 11:14

ಪಾಪ ಅಕ್ಕ 5,000 ಎಲ್ಲಿಗೆ ಕೊಡಲಿ ಅಂತ ಕೇಳಿದರೆ ನೀವು ಲಿಟ್ಟನ್‌ನ ಕರ್ಕೊಂಡು ಬಂದ್ರಿ 😂

ಸುಮ್ನೆ_ಓದುವವ · 11:20

ಹೊರದೇಶಕ್ಕೆ ಕಳಿಸೋಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಬಿಡಲ್ಲ. ಮರೆತುಬಿಡಿ.

ಲೆಕ್ಕದ_ಮನುಷ್ಯ · 11:31

ಉಲ್ಟಾ ಹೇಳಿದ್ರಿ. ಆ ಕಾಯ್ದೆ ಹೊರಗಿನಿಂದ ಇಲ್ಲಿಗೆ ಬರುವ ದೇಣಿಗೆಗೆ. ಇಲ್ಲಿಂದ ಹೊರಗೆ ಗಿಫ್ಟ್, ದೇಣಿಗೆ ಕಳಿಸೋಕೆ ರಿಸರ್ವ್ ಬ್ಯಾಂಕಿನ ಬೇರೆ ನಿಯಮ ಇದೆ, ಬ್ಯಾಂಕ್ ಮೂಲಕ ಕಳಿಸಬಹುದು. ಆದರೆ 5,000ಕ್ಕೆ ಬ್ಯಾಂಕ್ ಚಾರ್ಜೇ ಒಂದು ದೊಡ್ಡ ತುತ್ತು ತಿನ್ನುತ್ತೆ. ಹತ್ತು ಮನೆಯವರು ಸೇರಿ ಒಟ್ಟಿಗೆ ಕಳಿಸಿ. ಇಲ್ಲಿನ ಟ್ರಸ್ಟ್‌ಗೆ ಕೊಡೋದಾದರೆ ತೆರಿಗೆ ವಿನಾಯ್ತಿಯ ರಸೀದಿ ಕೇಳಿ, 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯ್ತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಆ ಲಾಭವೇ ಇಲ್ಲ.

ಕೆಎಂದೊಡ್ಡಿ_ಹುಡುಗ · 11:33

ಸ್ತೋತ್ರ ಕಾಣಿಕೆಗೂ ರಸೀದಿ 🙏

ಲೆಕ್ಕದ_ಮನುಷ್ಯ · 11:34

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಸರಿ. ಆಡಿಟರ್‌ಗೆ ಗೊತ್ತಾಗಲಿ.

ಅಶೋಕಾ_ರೋಡ್_ಆಂಟಿ · ಮಧ್ಯಾಹ್ನ 1:25

ಅಡುಗೆ ಮುಗಿಸಿ ಬಂದೆ. ನಾವು ಕೆಥೋಲಿಕರು, ಫಿಲೋಮಿನಾ ಚರ್ಚಿನ ಕಡೆಯವರು. (ಅದಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಮಹಾರಾಜರು. ಕೊಡೋರು ತಗೊಳ್ಳೋರು ಅಂತ ನಾವೇ ಗೆರೆ ಎಳೀತೀವಿ.) ಮಿಜೋರಾಂ ಹುಡುಗಿಯೊಬ್ಬಳು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದಳು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ದಿನಾ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಏನೇ ಇದು ಅಂದರೆ, ಬುಹ್‌ಫಾಯ್ ಥಾಮ್ ಅಂತೆ. ಅವರ ಊರಲ್ಲಿ ಪ್ರತಿ ಮನೆಯಲ್ಲೂ ಹೆಂಗಸರು ಹೀಗೆ ಹಿಡಿ ಅಕ್ಕಿ ತೆಗೆದಿಡ್ತಾರೆ, ಚರ್ಚಿನವರು ಕೂಡಿಸಿ ಮಾರಿ ಬಂದ ದುಡ್ಡಿನಲ್ಲಿ ಸೇವೆ ನಡೆಸ್ತಾರೆ. ನೂರು ವರ್ಷಕ್ಕೂ ಮೇಲಾಯಿತಂತೆ. ಮೊದಲು ಶುರು ಮಾಡಿದಾಗ ಅವರೇ ಬಡವರು.

ನಾನೂ ಶುರು ಮಾಡಿದೆ. ಮೂವರಿಗೆ ಎರಡು ಹೊತ್ತಿನ ಅಡುಗೆಯಲ್ಲಿ ತಿಂಗಳಿಗೆ ಮೂರು ಕೆಜಿ ಹತ್ತಿರ ಆಗುತ್ತೆ. ಮುಖ್ಯ ಏನಂದ್ರೆ, ದಿನಾ ಎರಡು ಸಲ ಯಾರೋ ಒಬ್ಬರು ನೆನಪಾಗ್ತಾರೆ. ವರ್ಷಕ್ಕೊಂದು ಸಲ 9,000 ಕೂಗೋದಕ್ಕಿಂತ ಇದು ಕಷ್ಟ, ಮಾಡಿ ನೋಡಿ.

ಪಾಂಡವಪುರದ_ಗೌಡ · 1:40

ನಮ್ಮ ಕಡೆ ಕೊಯ್ಲಾದ ಗದ್ದೆಯಲ್ಲಿ ಉದುರಿದ್ದನ್ನ ಹಕ್ಕಲು ಅಂತೀವಿ, ಹಕ್ಕಲು ಆಯೋಕೆ ಬಂದವರನ್ನ ಓಡಿಸಬಾರದು ಅಂತಿತ್ತು. ಈಗ ಯಂತ್ರ ಬಂದು ಹಕ್ಕಲೂ ಇಲ್ಲ, ಆಯೋರೂ ಇಲ್ಲ.

ನಿವೃತ್ತ_ಮೇಷ್ಟ್ರು · 1:48

ಗೌಡರೇ, ಮೋಶೆಯ ಕಾನೂನೂ ಅದೇ! ಯಾಜಕಕಾಂಡ 19. ಹೊಲದ ಅಂಚು ಕೊಯ್ಯಬೇಡ, ಹಕ್ಕಲು ಆಯಬೇಡ, ಬಡವರಿಗೂ ಪರದೇಶದವರಿಗೂ ಬಿಡು. ಬೈಬಲಿನ ರೂತಳು, ಪರದೇಶದ ಬಡ ವಿಧವೆ, ಬೋವಜನ ಹೊಲಕ್ಕೆ ಹೋದದ್ದು ಹಕ್ಕಲು ಆಯೋಕೆ. ಕಾನೂನಿನ ಪ್ರಕಾರ ಅದು ಅವಳ ಹಕ್ಕು. ನಮ್ಮ ದೊಡ್ಡಿ ಹುಡುಗನಿಗೂ ಇದು ಒಪ್ಪಿಗೆ ಆಗಬೇಕು.

ಕೆಎಂದೊಡ್ಡಿ_ಹುಡುಗ · 1:52

ಒಪ್ಪಿದೆ ಮೇಷ್ಟ್ರೇ. ಹಕ್ಕು ಅಂದಿರಲ್ಲ, ಅಷ್ಟು ಸಾಕು. ದಲಿತ ಕ್ರೈಸ್ತರ ಮೀಸಲಾತಿ, 1950ರ ಪರಿಶಿಷ್ಟ ಜಾತಿ ಆದೇಶ ಅದೆಲ್ಲ ಇಲ್ಲೇ ಎತ್ತಬೇಕು ಅನಿಸ್ತಿದೆ.

ನಿರ್ವಾಹಕ · 1:55

ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಅದು ಇಲ್ಲಿ ಶುರುವಾದರೆ ಬುಧವಾರದವರೆಗೂ ಮುಗಿಯಲ್ಲ.

ಲಷ್ಕರ್_ಮೊಹಲ್ಲಾ · ರಾತ್ರಿ 8:35

ಸಂಜೆ ಚರ್ಚಿಗೆ ಹೋಗಿದ್ದೆ, ಅಲಂಕಾರ ಬಿಚ್ಚೋಕೆ. ಅಕ್ಕ ಕಬ್ಬಿನ ಸಿಪ್ಪೆ ಗುಡಿಸುತ್ತಿದ್ದರು. ಧೈರ್ಯ ಮಾಡಿ ಕೇಳಿದೆ: ನಿನ್ನೆ ಪ್ರಸಂಗ ಕೇಳಿ ಬೇಜಾರಾಯ್ತಾ ಅಕ್ಕ? ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಆಯ್ತು ಕಣಮ್ಮ, ಪಾಪ ಆ ಕೂಸುಗಳು. ಮನೆಗೆ ಹೋಗಿ ಊಟ ಸೇರಲಿಲ್ಲ. ನೂರು ರೂಪಾಯಿ ಡಬ್ಬಿಗೆ ಹಾಕಿದ್ದೀನಿ, ಅವರಿಗೆ ಹೋಗುತ್ತೋ ಇಲ್ವೋ ನೀವು ಲೆಕ್ಕ ಬಲ್ಲೋರು ಒಸಿ ಕೇಳಿ" ಎಂದರು.

ಅವರನ್ನು ಆ ಫೋಟೋದವರ ಪಟ್ಟಿಗೆ ಸೇರಿಸಿದ್ದು ಅಯ್ಯನವರಲ್ಲ, ನಾನು. ಇಲ್ಲಿ ಬರೆಯುವಾಗಲೂ ಸೇರಿಸಿದ್ದೆ. ದಂಟಿನ ಸೊಪ್ಪಿಗೆ 30 ರೂಪಾಯಿ ಬಂದದ್ದಕ್ಕೂ ಅವರಿಗೆ ಬೇಜಾರಿಲ್ಲ. ಮಾರ್ಕೆಟ್‌ನಲ್ಲಿ 20ಕ್ಕೆ ಸಿಗುತ್ತಂತೆ.

ಅಯ್ಯನವರಿಗೆ ಫೋನ್ ಮಾಡಿದೆ. ಆ ಡಬ್ಬಿ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಮುಂದಿನ ಭಾನುವಾರ ಲೆಕ್ಕ ಓದ್ತೀನಿ ಎಂದಿದ್ದಾರೆ. ಬೇಜಾರು ಮಾಡಿಕೊಳ್ಳಲಿಲ್ಲ, ಫೋಟೋ ಇಂಟರ್ನೆಟ್‌ನಿಂದ ತೆಗೆದದ್ದಮ್ಮ, ಎಷ್ಟು ಹಳೇದೋ ಅಂದರು. ನೈಟ್‌ಡ್ಯೂಟಿ ಸಿಸ್ಟರ್, ನಿಮ್ಮ ಆ ಆಸ್ಪತ್ರೆಗೆ ಈಗಲೂ ಹಣ ಕಳಿಸುವ ದಾರಿ ಇದ್ದರೆ ಖಾಸಗಿಯಾಗಿ ಹೇಳಿ. ಏಳು ಮನೆಯವರು ಸೇರಿದ್ದೇವೆ, ಅಕ್ಕನೂ ಒಬ್ಬರು. ಹಿಡಿ ಅಕ್ಕಿ ಡಬ್ಬಿ ಅಮ್ಮ ಇವತ್ತೇ ಇಟ್ಟರು. ಅವರ ಹಿಡಿ ಚಿಕ್ಕದು, ನನ್ನದು ಹಾಕು ಅಂತಾರೆ.

ನೈಟ್‌ಡ್ಯೂಟಿ_ನರ್ಸ್ · 8:50

ಮೆಸೇಜ್ ಮಾಡಿದ್ದೇನೆ. ಜನವರಿಗೆ ಮುಂಚೆ ತಲುಪಿದರೆ ಒಳ್ಳೇದು. ಅವರು ಮೊಟ್ಟೆ ಕಳಿಸಿದರೆ ಬೇಡ ಅನ್ನಬೇಡಿ ಮತ್ತೆ 🙂

ಪಾಂಡವಪುರದ_ಗೌಡ · 9:02

ಕುಂಬಳಕಾಯಿ???

ಲಷ್ಕರ್_ಮೊಹಲ್ಲಾ · 9:06

ಗೆದ್ದವರು ಮನೆಗೆ ಒಯ್ಯಲೇ ಇಲ್ಲ ಗೌಡ್ರೇ, ಮೆಟ್ಟಿಲ ಹತ್ತಿರ ಹಾಗೇ ಇತ್ತು. ಅಕ್ಕ ಕತ್ತರಿಸಿ ಎಂಟು ಪಾಲು ಮಾಡಿದರು. ನನಗೆ ಸಿಕ್ಕಿದ್ದು ಬೀಜದ ಕಡೆಯ ಪಾಲು. ಬೀಜ ಬೇಕಾ?

ಪಾಂಡವಪುರದ_ಗೌಡ · 9:07

ಬೇಕು. ಬುಧವಾರ ಮೈಸೂರಿಗೆ ಬರ್ತೀನಿ. ಬೆಲ್ಲ ತರ್ತೀನಿ, ಆಲೆಮನೆದು.